ಡಬ್ಬದ ತೂಕ ಕಳೆದು

ನಮ್ಮ ಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಮದುವೆಯಾಗಿ ಬಂದ ದಿನದಿಂದ ಅವರ ಜೊತೆ ಒಂದೇ ಸೂರಿನಡಿ ಇರುವವಳು ಹೇಳುತ್ತಿದ್ದೇನೆ, ಸುಳ್ಳು ಬಾರದವರ ಜೊತೆ ಸಂಸಾರ ಮಾಡುವುದು ತಮಾಷೆಯ ಮಾತಲ್ಲ. ಅಡುಗೆಗೆ ಉಪ್ಪು ಕಮ್ಮಿಯಾದರೆ ಕಮ್ಮಿ ಅನ್ನುತ್ತಾರೆ, ಅದೂ ನೆಂಟರ ಎದುರಿಗೆ. ಹೊಸ ಬಟ್ಟೆ ಹಾಕಿಕೊಂಡು ಹೇಗಿದೆ ಮಾವ ಅಂತ ಬಾಯಿತಪ್ಪಿ ಕೇಳಿದರೆ, "ಬಣ್ಣ ಚೆನ್ನಾಗಿದೆ, ನಿನಗೆ ಒಪ್ಪಲ್ಲ" ಅನ್ನುತ್ತಾರೆ. ಇಂಥವರು ಒಂದು ವರ್ಷಕ್ಕೂ ಮೇಲೆ ಡಾಕ್ಟರ ಎದುರು ಕೂತು, ಅಲ್ಲ, ನಿಂತು, ತಪ್ಪು ಲೆಕ್ಕ ಕೊಟ್ಟರು ಅಂದರೆ ಯಾರು ನಂಬುತ್ತಾರೆ?

ಅವರ ಕಸುಬು ತಕ್ಕಡಿ ರಿಪೇರಿ. ಮಾರ್ಕೆಟ್ಟಿನ ಹಿಂದಿನ ಗೇಟಿನ ಹತ್ತಿರ, ಮಹಡಿ ಮೆಟ್ಟಿಲ ಕೆಳಗೆ ಒಂದು ಗೂಡು. ಮೇಲೆ ತಕ್ಕಡಿ ದಂಡಗಳು ನೇತಾಡುತ್ತಿದ್ದವು, ನೆಲದ ತುಂಬ ತೂಕದ ಬಟ್ಟುಗಳು. ಗೋಡೆಗೆ ಒರಗಿಸಿದ, ಮೂಟೆ ತೂಗುವ ದೊಡ್ಡ ಯಂತ್ರಗಳನ್ನು ಬಿಚ್ಚಲು, ಜೋಡಿಸಲು, ಆಮೇಲೆ ಕಬ್ಬಿಣದ ಗುಂಡು ಹೇರಿ ಪರೀಕ್ಷೆ ಮಾಡಲು ಮಾವ ಒಬ್ಬರೇ. ಯಾರಾದರೂ ಕೈಜೋಡಿಸಲು ಬಂದರೆ ಆಗುತ್ತಿರಲಿಲ್ಲ. "ನೀನು ಮುಟ್ಟಿದ್ರೆ ಮುಳ್ಳು ಕೆಡುತ್ತೆ, ಸುಮ್ನೆ ದೂರ ನಿಂತ್ಕೋ" ಅನ್ನುತ್ತಿದ್ದರು. ಮುಳ್ಳು ಅಂದರೆ ತೂಕ ತೋರಿಸುವ ಕಡ್ಡಿ. ತಟ್ಟೆಯಲ್ಲಿ ಏನೂ ಇಲ್ಲದಾಗ ಅದು ಸೊನ್ನೆಯ ಮೇಲೆ ಅಲ್ಲಾಡದೆ ನಿಲ್ಲಬೇಕು. ಅದು ನಿಲ್ಲುವ ತನಕ ಮಾವನಿಗೆ ಊಟ ಸೇರುತ್ತಿರಲಿಲ್ಲ. "ಮೊದ್ಲು ಸೊನ್ನೆಗೆ ತನ್ನಿ, ಆಮೇಲೆ ಬಾಕಿ ಮಾತು" ಅಂತ ಅಂಗಡಿಯವರಿಗೆಲ್ಲ ಪಾಠ ಮಾಡಿ ಮಾಡಿ, ಮಾರ್ಕೆಟ್ಟಿನಲ್ಲಿ ಅವರ ಹೆಸರೇ ಸೊನ್ನೆ ಮೇಷ್ಟ್ರು ಅಂತಾಗಿಬಿಟ್ಟಿತ್ತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದೂ ತಕ್ಕಡಿಯ ದೆಸೆಯಿಂದಲೇ. ಆಗ ನಾನು ಬೇಕರಿ ಕೌಂಟರಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಈ ಮನುಷ್ಯ ಬಂದು ಬಿಸ್ಕತ್ತು ಕೇಳಿದರು. ನಾನು ಖಾಲಿ ರಟ್ಟಿನ ಡಬ್ಬವನ್ನು ತಕ್ಕಡಿಯ ಮೇಲಿಟ್ಟು, ಅದರ ತೂಕ ನೋಡಿಕೊಂಡು, ಅದನ್ನು ಕಳೆದು ಬಿಸ್ಕತ್ತು ತೂಗಿಕೊಟ್ಟೆ. ಸುತ್ತಮುತ್ತ ಎಲ್ಲ ಅಂಗಡಿಯವರೂ ಡಬ್ಬ ಸೇರಿಸಿಯೇ ತೂಗುವ ಕಾಲ ಅದು. ಅವರು ಬಿಸ್ಕತ್ತು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು. ಯಾವುದೋ ತಲೆಕೆಟ್ಟ ಮುದುಕ ಅಂದುಕೊಂಡೆ. ಮಾರನೆಯ ವಾರ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆ ಹುಡುಕಿ ಬಂದರು. "ಡಬ್ಬದ ತೂಕ ಕಳೆದು ಕೊಡೋ ಹುಡುಗಿ. ನಮ್ಮ ಹುಡುಗನಿಗೆ ಇದಕ್ಕಿಂತ ಏನು ನೋಡ್ಬೇಕು?" ಅಂದರಂತೆ. ನನ್ನ ಬಣ್ಣ, ಓದು, ನಡತೆ ಯಾವುದೂ ಲೆಕ್ಕಕ್ಕೇ ಬರಲಿಲ್ಲ. ಇವತ್ತಿಗೂ ನನ್ನ ಗಂಡ ಅದನ್ನೇ ಹೇಳಿ ರೇಗಿಸುತ್ತಾರೆ.

ನೋವು ಯಾವಾಗ ಶುರುವಾಯಿತು ಅಂತ ನನಗೆ ಸರಿಯಾಗಿ ಗೊತ್ತಿಲ್ಲ, ಮಾವ ಹೇಳಿದ್ದರೆ ತಾನೆ? ಕಬ್ಬಿಣ ಎತ್ತಿ ಎತ್ತಿ ಬೆನ್ನುಮೂಳೆ ಸವೆದು, ಒಳಗೆ ನರ ಸಿಕ್ಕಿಹಾಕಿಕೊಂಡಿದೆ ಅಂತ ಆಮೇಲೆ ಡಾಕ್ಟರು ಸ್ಕ್ಯಾನ್ ಚಿತ್ರ ತೋರಿಸಿ ಹೇಳಿದರು. ಎಡ ಸೊಂಟದಿಂದ ಹೊರಟು, ತೊಡೆಯ ಹಿಂಭಾಗದಲ್ಲಿ ಇಳಿದು, ಹಿಮ್ಮಡಿಯ ತನಕ ಕಾದ ತಂತಿ ಎಳೆದ ಹಾಗೆ. ನಡೆದರೆ ಅಷ್ಟಿಲ್ಲ, ಮಲಗಿದರೆ ಒಂದು ಮಗ್ಗುಲಲ್ಲಿ ಹೇಗೋ ಆಗುತ್ತದೆ, ಕೂತರೆ ಮಾತ್ರ ಜೀವ ಹೋಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ದುಡಿದ ಮನುಷ್ಯನಿಗೆ ಕೂರಲಾಗದ ರೋಗ ಬಂತು. ಗೂಡಿಗೆ ಬೀಗ ಬಿತ್ತು.

ಕೂರದೆ ಬದುಕುವುದು ಹೇಗೆ ಅಂತ ನೋಡಬೇಕಾದರೆ ನಮ್ಮ ಮನೆಗೆ ಬರಬೇಕಿತ್ತು. ಪೇಪರನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ ನಿಂತೇ ಓದುವರು. ಬಸ್ಸು ಹತ್ತಿದರೆ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುವರು, ಕಂಡಕ್ಟರ್ ಬೈದರೂ ಜಗ್ಗುತ್ತಿರಲಿಲ್ಲ. ಊಟ ಮಾಡುತ್ತಿದ್ದದ್ದು ಫ್ರಿಜ್ಜಿನ ಮುಂದೆ. ಅದರ ತಲೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಂದು ಕೈ ಅದರ ಮೇಲೆ ಊರಿ, ಇನ್ನೊಂದು ಕೈಯಲ್ಲಿ ತಿನ್ನುವರು. ಅತ್ತೆಗೆ ತಾನೊಬ್ಬಳೇ ಟೇಬಲ್ಲಿಗೆ ಕೂತು ಉಣ್ಣುವುದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಂಡಿ ನೋವಿನ ಮುದುಕಿ, ತಟ್ಟೆ ಕೈಯಲ್ಲಿ ಹಿಡಿದು ಗಂಡನ ಪಕ್ಕ ತಾನೂ ನಿಲ್ಲುವಳು. "ರೀ, ನೀವಾದ್ರೂ ನೋವಿಗೆ ನಿಂತಿದ್ದೀರಿ, ನಾನ್ಯಾಕೆ ನಿಂತಿದ್ದೀನೋ" ಅಂತ ತಾನೇ ನಗುವಳು. ನಾನು ಕುರ್ಚಿ ತಂದು ಕೂರಿಸಿದರೆ ಎರಡು ತುತ್ತಿಗೆ ಮತ್ತೆ ಎದ್ದು ನಿಂತಿರುವಳು. ಒಮ್ಮೆ ಪಾತ್ರೆ ತೊಳೆಯುವಾಗ ನನಗಷ್ಟೇ ಕೇಳುವ ಹಾಗೆ ಹೇಳಿದಳು, "ನನಗೆ ಬೇರೇನೂ ಬೇಡ ಕಣೇ. ಇವರು ನನ್ನೆದುರು ಕೂತು ಒಂದು ಹೊಟ್ಟೆ ಊಟ ಮಾಡಿದ್ದು ನೋಡ್ಬೇಕು, ಅಷ್ಟೇ."

ನೋವಿಗೇ ಅಂತ ಒಬ್ಬರು ಡಾಕ್ಟರು ದೊಡ್ಡಾಸ್ಪತ್ರೆಗೆ ಬಂದಿದ್ದಾರೆ ಅಂತ ಗೊತ್ತಾಗಿ ನನ್ನ ಗಂಡ ಕರೆದುಕೊಂಡು ಹೋಗಲು ಶುರುಮಾಡಿದರು. ಇವರು ಲಾರಿ ಓಡಿಸುವವರು. ಊರಿನಲ್ಲಿದ್ದ ದಿನ ನೋಡಿಕೊಂಡು ಹೋಗಿಬರುತ್ತಿದ್ದರು. ಬಂದು ಹೇಳುತ್ತಿದ್ದದ್ದು ಒಂದೇ ಮಾತು, "ಪರವಾಗಿಲ್ಲಂತೆ, ಹಿಡಿತಕ್ಕೆ ಬರ್ತಿದೆಯಂತೆ." ಮಾತ್ರೆ ಕಮ್ಮಿಯಾಯಿತು. ಆಮೇಲೆ ಇನ್ನೂ ಕಮ್ಮಿಯಾಯಿತು. ಮಾವ ಮಾತ್ರ ಫ್ರಿಜ್ಜಿನ ಮುಂದಿನಿಂದ ಕದಲಲಿಲ್ಲ. ಕೇಳಿದರೆ "ಇದು ಇದ್ದಿದ್ದೇ ಬಿಡಮ್ಮ" ಅನ್ನುವರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರ ಜಾಯಮಾನವಲ್ಲವಲ್ಲ, ಹಾಗಾಗಿ ನಾವೂ ಕೆದಕಲಿಲ್ಲ.

ಒಂದು ಸಲ ಇವರು ಲಾರಿ ತೆಗೆದುಕೊಂಡು ದೂರ ಹೋಗಿದ್ದರು, ಆಸ್ಪತ್ರೆಗೆ ನಾನು ಹೋಗಬೇಕಾಯಿತು. ಉದ್ದನೆಯ ಬೆಂಚುಗಳ ತುಂಬ ಮುದುಕರು, ಮುದುಕಿಯರು. ಮಾವ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನರ್ಸಮ್ಮ ಕೂಗಿದಾಗ ಹೆಜ್ಜೆ ಎತ್ತಲು ಹೋದರು, ಎಡಗಾಲು ಬರಲಿಲ್ಲ. ಕತ್ತಿನ ಮೇಲೆ ಬೆವರು ಇಳಿಯಿತು. ಇಷ್ಟು ವರ್ಷದಲ್ಲಿ ನನಗೆ ಬೆರಳು ಕೂಡ ತಾಗಿಸದ ಮಾವ ನನ್ನ ಭುಜವನ್ನು ಗಬಕ್ಕನೆ ಹಿಡಿದುಕೊಂಡರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನನಗೇ ಅಮ್ಮಾ ಅನ್ನುವ ಹಾಗಾಯಿತು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಹಾಗೇ ನಿಂತು, ಉಸಿರು ಎಳೆದುಕೊಂಡು, ಕಾಲೆಳೆಯುತ್ತ ಒಳಗೆ ಬಂದರು.

ಡಾಕ್ಟರು ಒಳ್ಳೆಯ ಹೆಂಗಸು. ಗೋಡೆಯ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಅಂಟಿಸಿದ್ದರು. ಈ ತುದಿಯಲ್ಲಿ ಸೊನ್ನೆ, ಅಲ್ಲಿ ನಗುವ ಮುಖ. ಆ ತುದಿಯಲ್ಲಿ ಹತ್ತು, ಅಲ್ಲಿ ಅಳುವ ಮುಖ.

"ಬನ್ನಿ ಯಜಮಾನ್ರೇ. ಇವತ್ತು ನೋವು ಎಷ್ಟಿದೆ?"

ಮಾವ ಒಂದು ಕ್ಷಣ ಯೋಚನೆ ಮಾಡಿದರು. "ಎರಡೂಕಾಲು, ಡಾಕ್ಟ್ರಮ್ಮ."

ಡಾಕ್ಟರು ನಗುತ್ತ ನನ್ನ ಕಡೆ ತಿರುಗಿದರು. "ನಿಮ್ಮ ಮಾವ ಒಬ್ಬರೇ ನನಗೆ ಕಾಲು, ಅರೆ ಎಲ್ಲ ಲೆಕ್ಕ ಹಾಕಿ ಹೇಳೋರು. ಹೋದ ಸಲ ಒಂದೂವರೆ ಇತ್ತು, ಸ್ವಲ್ಪ ಏರಿದೆ. ಪರವಾಗಿಲ್ಲ, ಚೆನ್ನಾಗೇ ಇದ್ದಾರೆ."

ನನ್ನ ಪಿತ್ತ ನೆತ್ತಿಗೇರಿತು. ಭುಜ ಇನ್ನೂ ಉರಿಯುತ್ತಿತ್ತು. "ಏನು ಮಾವ ಇದು? ಈಗ ತಾನೇ ಹೊರಗಡೆ ಕಾಲು ಎತ್ತಿಡೋಕಾಗ್ದೆ ನನ್ನ ಮೇಲೆ ಬಿದ್ರಿ. ಇದು ಎರಡೂಕಾಲಾ?"

"ಕೂಗಾಡ್ಬೇಡ. ಸರಿಯಾಗೇ ಹೇಳಿದ್ದೀನಿ."

"ಏನು ಸರಿ? ಕೂತು ಉಣ್ಣೋಕಾಗಲ್ಲ ನಿಮಗೆ!"

"ಅದು ದಿನಾ ಇರೋದಮ್ಮ" ಅಂದರು ಮಾವ, ಚಿಕ್ಕ ಮಗುವಿಗೆ ಹೇಳುವ ಹಾಗೆ. "ದಿನಾ ಇರೋದು ಡಬ್ಬ. ಅದನ್ನ ಕಳೆದು, ಇವತ್ತಿಂದು ಎಷ್ಟೋ ಅಷ್ಟು ಹೇಳಿದೆ. ಡಬ್ಬ ಸೇರಿಸಿ ತೂಕ ಹೇಳೋಕಾಗುತ್ತಾ? ನಿನಗೇ ಗೊತ್ತಿಲ್ವಾ?"

ಬೇಕರಿಯವಳಿಗೆ ಗೊತ್ತಾಗದೆ ಏನು? ಪೂರ್ತಿ ಗೊತ್ತಾಯಿತು. ಆದರೆ ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ನಾನೇ ತಡವರಿಸುತ್ತ ತಕ್ಕಡಿ, ಡಬ್ಬ, ಬಿಸ್ಕತ್ತು ಎಲ್ಲ ಹೇಳಿ ತಿಳಿಸಿದೆ. ಆಕೆ ಪೆನ್ನು ಕೆಳಗಿಟ್ಟರು. ನಗು ಎತ್ತಲೋ ಹೋಯಿತು.

"ಯಜಮಾನ್ರೇ, ನೀವು ಮೊದಲ ದಿನದಿಂದಲೂ ಹೀಗೇ ಹೇಳ್ತಿದ್ರಾ?"

"ಹೌದು ಮತ್ತೆ."

"ನಾನು ಮಾತ್ರೆ ಕಮ್ಮಿ ಮಾಡ್ದಾಗ?"

"ನೀವು ಓದಿದೋರು. ಇಷ್ಟಕ್ಕೆ ಇಷ್ಟು ಸಾಕು ಅಂತ ಕಮ್ಮಿ ಮಾಡಿದ್ರಿ ಅಂದ್ಕೊಂಡೆ."

"ಈಗ ಡಬ್ಬ ಸಮೇತ ಹೇಳಿ. ನನಗೋಸ್ಕರ."

ಮಾವ ಒಪ್ಪಲಿಲ್ಲ. ಮುಖ ಸಿಂಡರಿಸಿಕೊಂಡರು. ಯಾರೋ ತಮ್ಮ ಕೈಯಲ್ಲಿ ಕಳ್ಳತೂಕ ಹಾಕಿಸುತ್ತಿದ್ದಾರೆ ಅನ್ನುವ ಹಾಗೆ ಕಿಟಕಿಯ ಕಡೆ ನೋಡಿದರು. ನಾನು ಕೈಮುಗಿದು ಕೇಳಿದ ಮೇಲೆ, ನಾಚಿಕೊಂಡು, "ಹಾಗೆ ನೋಡಿದ್ರೆ ಒಂಬತ್ತು ಆಗುತ್ತೇನೋ" ಅಂದರು.

ಅಲ್ಲೇ ಡಾಕ್ಟರ ಮುಂದೆ ನಾನು ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಜಾಸ್ತಿಯಿತ್ತು. ಒಂಬತ್ತರ ನೋವು ಹೊತ್ತುಕೊಂಡು ಎರಡರ ಮಾತ್ರೆ ನುಂಗಿಕೊಂಡು ಇದ್ದಾರಲ್ಲ, ಇದಕ್ಕೆ ಯಾರನ್ನು ಬೈಯಲಿ? ಡಾಕ್ಟರನ್ನು ಬೈಯಲು ಬಾಯಿ ಬರಲಿಲ್ಲ, ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಬರೆದುಕೊಂಡಿದ್ದರು. ಮಾವನನ್ನು ಬೈಯೋಣವೆಂದರೆ ಅವರು ತಮ್ಮ ಜನ್ಮದಲ್ಲಿ ಕಲಿತ ಒಂದೇ ಒಂದು ನಿಯತ್ತನ್ನು ಪಾಲಿಸಿದ್ದರು.

ಇನ್ನು ಎಲ್ಲ ಸರಿಹೋಗುತ್ತದೆ ಅಂತ ನಾನೂ ಅತ್ತೆಯೂ ಲೆಕ್ಕ ಹಾಕಿದೆವು. ತೂಕ ಸರಿಯಾಗಿ ಗೊತ್ತಾದ ಮೇಲೆ ಮದ್ದು ಸರಿಯಾಗಿ ಬೀಳಲೇಬೇಕಲ್ಲ? ಬಿದ್ದದ್ದು ಮಾವ. ಜೋರಾದ ಮಾತ್ರೆ ಶುರುಮಾಡಿದ ಮೇಲೆ ಹಗಲೆಲ್ಲ ತೂಕಡಿಕೆ, ಮಾತು ತೊದಲು. ಒಂದು ಬೆಳಗ್ಗೆ ಬಚ್ಚಲಲ್ಲಿ ಜಾರಿ ಹಣೆ ಒಡೆದುಕೊಂಡರು. ಡಾಕ್ಟರು ಅದನ್ನು ನಿಲ್ಲಿಸಿದರು. ಬೇರೆ ಜಾತಿಯ ಮಾತ್ರೆಗೆ ಮೂತ್ರಪಿಂಡ ತಡೆಯುವುದಿಲ್ಲ ಅಂದರು. ಆಪರೇಷನ್ನಿಗೆ ಹೃದಯದ ಡಾಕ್ಟರು ಒಪ್ಪಲಿಲ್ಲ. ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದು ಮಂಡಿ ಮಡಿಸಿ, ಹಿಮ್ಮಡಿ ಎತ್ತಿ ಅಂತ ಕಲಿಸಿದಳು. ಮಾವ ಹಲ್ಲು ಕಚ್ಚಿಕೊಂಡು ಒಂದು ದಿನವೂ ತಪ್ಪಿಸದೆ ಮಾಡಿದರು. ಬಿಸಿನೀರಿನ ಚೀಲ ಇಟ್ಟಷ್ಟು ಹೊತ್ತು ಹಿತವಾಗುತ್ತಿತ್ತು, ತಣ್ಣಗಾದರೆ ಮುಗಿಯಿತು.

ಕೊನೆಗೆ ಉಳಿದದ್ದು ಬೆನ್ನಿಗೆ ಕೊಡುವ ಒಂದು ಇಂಜೆಕ್ಷನ್. "ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ಮೊದಲೇ ಹೇಳ್ತಿದ್ದೀನಿ" ಅಂದರು ಡಾಕ್ಟರು. ಮಾವನಿಗೆ ಮನಸ್ಸಿರಲಿಲ್ಲ. "ಹೇಗೋ ನಡೀತಿದೆಯಲ್ಲ, ಬಿಟ್ಬಿಡಿ" ಅಂದರು. ಅತ್ತೆ ಬಿಡಲಿಲ್ಲ. ಅವರ ಮುಂದೆ ಹೋಗಿ ನಿಂತು, "ರೀ, ನನಗೋಸ್ಕರ ಒಂದ್ಸಲ" ಅಂದಳು. ಅಷ್ಟೇ ಅಂದದ್ದು.

ಹಾಕಿಸಿಕೊಂಡು ಬಂದು ಎರಡು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಗ್ಗೆ ನಾನು ಒಲೆಯ ಮುಂದಿದ್ದೆ. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಮಾವ ಟೇಬಲ್ಲಿನ ಮುಂದೆ ಕೂತಿದ್ದರು. ಎರಡು ಕೈಯನ್ನೂ ಅದರ ಮೇಲೆ ಚಾಚಿ, ಅತ್ತಿತ್ತ ನೋಡಿ, "ಈ ಟೇಬಲ್ಲು ಇಷ್ಟು ತಗ್ಗೇನಮ್ಮ?" ಅಂದರು. ಅತ್ತೆ ತಟ್ಟೆ ಇಟ್ಟು ಬಡಿಸಿ ಎದುರಿಗೆ ಕೂತಳು. ತನಗೆ ಬಡಿಸಿಕೊಳ್ಳುವುದನ್ನು ಮರೆತೇಬಿಟ್ಟಳು. ಮಾವ ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು, ಉಪ್ಪು ಕಮ್ಮಿ ಅಂದರು. ನನಗೆ ಆ ದಿನ ಸಿಟ್ಟು ಬರಲಿಲ್ಲ.

ಅದೊಂದು ಒಳ್ಳೆಯ ಕಾಲ, ಹೆಚ್ಚುಕಮ್ಮಿ ಒಂದು ತಿಂಗಳು. ಮಾವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತು ಮಾರ್ಕೆಟ್ಟಿಗೆ ಹೋಗಿಬಂದರು. ಗೂಡಿನ ಬೀಗ ತೆಗೆದು ಧೂಳು ಹೊಡೆದರು. ಸಂಜೆ ಅತ್ತೆಯ ಜೊತೆ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತು, ಕತ್ತಲಾದರೂ ಏಳದೆ, ನಾನು ಹುಡುಕಿಕೊಂಡು ಹೋಗುವ ಹಾಗೆ ಮಾಡಿದರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು, ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು "ಈಗ ಎಷ್ಟು? ಡಬ್ಬ ಸಮೇತ" ಅಂತ ಕೇಳಿದಾಗ, ಮಾವ ತಡೆದು ತಡೆದು, "ಸೊನ್ನೆ" ಅಂದರು.

ಅದು ಯಾವ ದಿನ ವಾಪಸ್ಸು ಬಂತೋ ಅವರು ಹೇಳಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಟೇಬಲ್ಲಿಗೆ ಬರಲಿಲ್ಲ, ಹೋಗಿ ನೋಡಿದರೆ ಕಿಟಕಿಯ ಕಟ್ಟೆ ಹಿಡಿದು ನಿಂತಿದ್ದರು. ಎರಡನೇ ಇಂಜೆಕ್ಷನ್ ಕೊಡಿಸಿದೆವು, ಹಿಡಿಯಲಿಲ್ಲ. ಮೂರನೆಯದು ಬೇಡ ಅಂದರು ಡಾಕ್ಟರು. "ಕೈಲಾಗೋದೆಲ್ಲ ಮಾಡಿದ್ದೀವಿ ಯಜಮಾನ್ರೇ. ಪೂರ್ತಿ ವಾಸಿ ಮಾಡ್ತೀನಿ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸ್ವಲ್ಪ ಮಾತ್ರೆ, ಸ್ವಲ್ಪ ನಡಿಗೆ, ಬಿಸಿ, ವ್ಯಾಯಾಮ. ಇದರ ಜೊತೆ ಹೊಂದ್ಕೊಂಡು ಹೋಗೋದು ನೋಡ್ಬೇಕು." ಪಟ್ಟಿಯ ಕಡೆ ನೋಡಿ ಎಷ್ಟು ಅಂತ ಕೇಳಿದರು. ಮಾವ ಹತ್ತು ಅಂದರು. ಕಾಲು ಇಲ್ಲ, ಅರೆ ಇಲ್ಲ.

ಹೊಸದಾಗಿ ಚಿತ್ರ ತೆಗೆಸಿ ನೋಡಿದರು. ಮೂಳೆ ಅದೇ, ನರ ಅದೇ, ಮೊದಲಿಗಿಂತ ಕೂದಲೆಳೆಯಷ್ಟೂ ಹೆಚ್ಚಾಗಿಲ್ಲ. ನೋವೂ ಮೊದಲಿನಷ್ಟೇ ಇರಬೇಕು ಅಂತ ಡಾಕ್ಟರು ಹೇಳಿದರು. ಹಾಗಾದರೆ ಈಗ ಯಾಕೆ ಹೀಗೆ? ತುಟಿ ಬಿಚ್ಚದ ಮನುಷ್ಯ ಈಗ ನರಳುತ್ತಾರೆ. ಹಗಲು ಹೊತ್ತಿನಲ್ಲೇ, ಪಕ್ಕದ ಮನೆಗೆ ಕೇಳುವ ಹಾಗೆ ಕೂಗುತ್ತಾರೆ. ವ್ಯಾಯಾಮ ಬಿಟ್ಟರು, ಪೇಪರ್ ಬಿಟ್ಟರು. ಮಗ ಫೋನು ಮಾಡಿದರೆ ಎರಡು ಮಾತಾಡಿ ನನ್ನ ಕೈಗೆ ಕೊಡುತ್ತಾರೆ. ಲಾರಿಯಿಂದ ಇವರು ನನ್ನನ್ನೇ ಕೇಳುತ್ತಾರೆ, "ಏನಾದ್ರೂ ಮಾಡೋಕಾಗಲ್ವೇನೇ?" ನಾನೇನು ಮಾಡಲಿ? ಅತ್ತೆ ಮಾತ್ರ ಆ ಒಂದು ತಿಂಗಳನ್ನು ಜೀವಕ್ಕೆ ಕಟ್ಟಿಕೊಂಡಿದ್ದಾಳೆ. "ಅಷ್ಟಾದ್ರೂ ಸಿಕ್ತಲ್ಲ ಕಣೇ" ಅನ್ನುತ್ತಾಳೆ, ಪಾರ್ಕಿನ ಬೆಂಚಿನ ಮಾತು ತೆಗೆದು ಕಣ್ಣೊರೆಸಿಕೊಳ್ಳುತ್ತಾಳೆ.

ಮೊನ್ನೆ ನಾನು ತಡೆಯಲಾಗದೆ ಕೇಳಿಯೇಬಿಟ್ಟೆ. ಅವರ ಕಾಲಿನ ಕೆಳಗೆ ದಿಂಬು ಸರಿಮಾಡುತ್ತಿದ್ದೆ. ಅತ್ತೆ ಅಡುಗೆಮನೆಯಲ್ಲಿದ್ದಳು.

"ಮಾವ, ಮುಂಚೆ ಇಷ್ಟೇ ನೋವು ಇತ್ತಲ್ಲ. ಹೇಗೆ ತಡ್ಕೊಂಡಿದ್ರಿ? ಹಾಗೇ ಈಗ್ಲೂ ಒಂಚೂರು..."

ಮಾವ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ಮಲಗಿದ್ದರು. "ಮುಂಚೆ, ವಯಸ್ಸಾದ್ಮೇಲೆ ಎಲ್ಲರಿಗೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ ಕಣಮ್ಮ. ಎಲ್ಲರೂ ಹೊತ್ಕೊಂಡು ಓಡಾಡ್ತಿದ್ದಾರೆ, ನಾನೂ ಹೊತ್ಕೊಂಡಿದ್ದೀನಿ ಅಂತ" ಅಂದರು. "ಹಾಗಿಲ್ಲ ಅಂತ ಈಗ ಗೊತ್ತಾಗ್ಹೋಯ್ತು. ಸುಮ್ನೆ ಕೂತ್ಕೊಳ್ಳೋದು ಅಂದ್ರೆ ಎಷ್ಟು ಚೆನ್ನಾಗಿರುತ್ತೆ. ನೀವೆಲ್ಲ ದಿನಾ ಹಾಗೇ ಇರ್ತೀರಾ?"

ದಿಂಬು ಹಿಡಿದುಕೊಂಡು ನಿಂತಿದ್ದೆ.

"ಆ ಇಂಜೆಕ್ಷನ್ ಕೊಡಿಸಬಾರದಿತ್ತಮ್ಮ" ಅಂದರು. "ನಿಮ್ಮತ್ತೆಗೆ ಹೇಳ್ಬೇಡ."

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಕೇಳಿದಳು, ಏನಂತೆ, ಏನಾದರೂ ಬೇಕಂತಾ ಅಂತ. ಏನೂ ಬೇಡವಂತೆ ಅಂದೆ.